ನಕ್ಷೆ ಪುಕ್ಕಟೆ ಸಿಕ್ಕಿತು, ಡೇಟಾ ಯಾರದ್ದು?

ಈ ಸಲ ನಕ್ಷೆಯ ಪ್ರಶ್ನೆಗಳೇ ಜಾಸ್ತಿ ಬಂದಿವೆ. ಅರ್ಧಕ್ಕರ್ಧ ಪತ್ರಗಳಲ್ಲಿ ಬೈಗುಳ ಸಾಫ್ಟ್‌ವೇರಿಗೆ, ತಪ್ಪು ಇರುವುದು ಡೇಟಾದಲ್ಲಿ. ಒಂದೇ ಥರದವನ್ನು ಸೇರಿಸಿ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ಫೋನಿನಲ್ಲಿ ನಕ್ಷೆ ಹೇಗೂ ಪುಕ್ಕಟೆ ಸಿಗುತ್ತದೆ. ಮತ್ತೆ ಜನರೇ ಸೇರಿ ಮಾಡುವ ಈ ಓಪನ್‌ಸ್ಟ್ರೀಟ್‌ಮ್ಯಾಪ್ ಯಾಕೆ ಬೇಕು?

ಪುಕ್ಕಟೆ ಬೇರೆ, ಮುಕ್ತ ಬೇರೆ. ಇಂಗ್ಲಿಷಿನವರಿಗೆ ಎರಡಕ್ಕೂ 'ಫ್ರೀ' ಅನ್ನುವ ಒಂದೇ ಪದ, ಅದಕ್ಕೇ ಅವರು ಅಷ್ಟೊಂದು ವಿವರಣೆ ಕೊಡುತ್ತಾ ಕೂರಬೇಕು. ನಮಗೆ ಆ ಕಷ್ಟ ಇಲ್ಲ.

ಫೋನಿನ ನಕ್ಷೆಯನ್ನು ನೀವು ನೋಡಬಹುದು, ದಾರಿ ಕೇಳಬಹುದು. ಆದರೆ ಅದರೊಳಗಿನ ರಸ್ತೆಗಳನ್ನೆಲ್ಲ ಫೈಲಾಗಿ ಇಳಿಸಿಕೊಂಡು, ನಿಮಗೆ ಬೇಕಾದ ಬಣ್ಣ ಕೊಟ್ಟು, ಪುಸ್ತಕದಲ್ಲಿ ಅಚ್ಚು ಹಾಕಿಸಲು ಸಾಮಾನ್ಯವಾಗಿ ಆಗುವುದಿಲ್ಲ. ನೀವು ನೋಡುವುದು ಚಿತ್ರ. ಡೇಟಾ ಅವರ ಹತ್ತಿರವೇ ಇರುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಇದು ತಿರುಗಾಮುರುಗ. ಅಲ್ಲಿ ಮುಖ್ಯವಾದದ್ದು ಡೇಟಾ, ಚಿತ್ರ ಅದರಿಂದ ಹುಟ್ಟುವ ಹಲವು ವಸ್ತುಗಳಲ್ಲಿ ಒಂದು ಅಷ್ಟೇ. 2004ರಲ್ಲಿ ಬ್ರಿಟನ್ನಿನಲ್ಲಿ ಸ್ಟೀವ್ ಕೋಸ್ಟ್ ಇದನ್ನು ಶುರು ಮಾಡಿದಾಗ ಇದ್ದ ತಕರಾರೂ ಅದೇ. ಅಲ್ಲಿನ ಸರ್ಕಾರಿ ಸರ್ವೆಯ ನಕ್ಷೆಗಳು ಚೆನ್ನಾಗಿದ್ದವು, ಆದರೆ ಅವುಗಳ ಡೇಟಾ ಜನರಿಗೆ ಮುಕ್ತವಾಗಿ ಸಿಗುತ್ತಿರಲಿಲ್ಲ. ಸರಿ, ನಾವೇ ಮಾಡಿಕೊಳ್ಳೋಣ ಅಂತ ಜಿಪಿಎಸ್ ಹಿಡಿದು ಹೊರಟರು.

ಇದರಿಂದ ಏನು ಉಪಯೋಗ ಅನ್ನುವುದು ಗೊತ್ತಾಗಿದ್ದು 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪ ಆದಾಗ. ರಾಜಧಾನಿ ಪೋರ್ಟ್-ಓ-ಪ್ರಿನ್ಸ್‌ನ ಒಳ್ಳೆಯ ಮುಕ್ತ ನಕ್ಷೆ ಆಗ ಇರಲಿಲ್ಲ. ಎಲ್ಲೆಲ್ಲೋ ಕುಳಿತ ನೂರಾರು ಜನ ಉಪಗ್ರಹ ಚಿತ್ರ ನೋಡಿಕೊಂಡು ರಸ್ತೆ, ಕುಸಿದ ಕಟ್ಟಡ, ಡೇರೆ ಶಿಬಿರಗಳನ್ನು ಗೆರೆ ಎಳೆದು ಗುರುತಿಸಿದರು. ಪರಿಹಾರ ಕೆಲಸದವರು ಅದೇ ಡೇಟಾವನ್ನು ತಮ್ಮ ಜಿಪಿಎಸ್ ಸಾಧನಗಳಿಗೆ ಹಾಕಿಕೊಂಡು ಓಡಾಡಿದರು. ಬರೀ ನೋಡಲು ಬಿಡುವ ನಕ್ಷೆ ಆಗಿದ್ದರೆ ಇದು ಆಗುತ್ತಿರಲಿಲ್ಲ ಅಲ್ವಾ?

ಪ್ರಶ್ನೆ: ಸರ್, ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ಒಂದು ಜಾಗದ ಸುತ್ತ ಗೆರೆ ಎಳೆದು ವಿಸ್ತೀರ್ಣ ಕೇಳಿದರೆ 0.00000081 ಅಂತ ಬಂತು. ಗೆಳೆಯರು ಹೇಳಿದ ಹಾಗೆ ಲೇಯರಿನ (ನಕ್ಷೆಯ ಪದರದ) ಸಿಆರ್‌ಎಸ್, ಅಂದರೆ ಜಾಗವನ್ನು ಅಂಕಿಗಳಲ್ಲಿ ಹೇಳುವ ಪದ್ಧತಿ, ಬದಲಿಸಿದೆ, ಈಗ ಗೆರೆಯೇ ಮಾಯ. ಈ ಸಾಫ್ಟ್‌ವೇರ್ ನಂಬಬಹುದಾ?

ಸಾಫ್ಟ್‌ವೇರ್ ಸರಿ ಇದೆ. ನೀವು ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟಿದೆ, ಅದೇ ತೊಂದರೆ.

ನಿಮ್ಮ ಲೇಯರ್ ಇರುವುದು ಇಪಿಎಸ್‌ಜಿ 4326 ಅನ್ನುವ ಸಿಆರ್‌ಎಸ್‌ನಲ್ಲಿ, ಅಂದರೆ ಬರೀ ಅಕ್ಷಾಂಶ ರೇಖಾಂಶ. ಅಲ್ಲಿ ಅಳತೆ ಡಿಗ್ರಿಯಲ್ಲಿ. ಹಾಗಾಗಿ ನಿಮಗೆ ಬಂದದ್ದು ಚದರ ಡಿಗ್ರಿ, ಅದನ್ನು ಇಟ್ಟುಕೊಂಡು ಯಾರೂ ಏನೂ ಮಾಡಲಾಗದು. ಯಾಕೆ ಅಂದರೆ ಒಂದು ಡಿಗ್ರಿ ಅಕ್ಷಾಂಶ ಎಲ್ಲೇ ಹೋದರೂ ಹೆಚ್ಚುಕಡಿಮೆ 111 ಕಿಲೋಮೀಟರ್, ಆದರೆ ಒಂದು ಡಿಗ್ರಿ ರೇಖಾಂಶ ಸಮಭಾಜಕದ ಮೇಲೆ 111 ಇದ್ದದ್ದು ಧ್ರುವದ ಕಡೆ ಹೋದಂತೆ ಕುಗ್ಗುತ್ತಾ 60 ಡಿಗ್ರಿ ಅಕ್ಷಾಂಶದ ಹೊತ್ತಿಗೆ ಅರ್ಧವಾಗಿರುತ್ತದೆ. ನಿಮ್ಮ ಅದೇ 0.00000081 ಸಮಭಾಜಕದ ಮೇಲಾದರೆ ಸುಮಾರು ಒಂದು ಹೆಕ್ಟೇರ್, 60 ಡಿಗ್ರಿಯಲ್ಲಾದರೆ ಅರ್ಧ ಹೆಕ್ಟೇರ್.

ಇನ್ನು ಗೆರೆ ಮಾಯವಾದ ವಿಷಯ. ಇಲ್ಲಿ ಬೀಳದವರೇ ಇಲ್ಲ, ನಾನೂ ಒಂದು ಇಡೀ ಸಂಜೆ ಇದರಲ್ಲಿ ಕಳೆದಿದ್ದೇನೆ. ಲೇಯರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಸೆಟ್ ಲೇಯರ್ ಸಿಆರ್‌ಎಸ್' ಒತ್ತಿದರೆ ಅಂಕಿಗಳು ಬದಲಾಗುವುದಿಲ್ಲ, ಅವುಗಳ ಮೇಲಿನ ಚೀಟಿ ಮಾತ್ರ ಬದಲಾಗುತ್ತದೆ. ಕಾಗದದಲ್ಲಿ '6 ಅಡಿ' ಅಂತ ಇದ್ದದ್ದನ್ನು ಅಳತೆ ಮಾಡದೆ 'ಅಡಿ' ಅಳಿಸಿ 'ಮೀಟರ್' ಅಂತ ಬರೆದ ಹಾಗೆ. ಡಿಗ್ರಿಯ ಅಂಕಿಗಳನ್ನು ಸಾಫ್ಟ್‌ವೇರ್ ಮೀಟರ್ ಅಂತ ನಂಬಿತು, ನಿಮ್ಮ ಜಾಗ ಎಲ್ಲೋ ದೂರದಲ್ಲಿ ಒಂದು ಚುಕ್ಕೆಗಿಂತ ಚಿಕ್ಕದಾಗಿ ಕೂತಿದೆ. ಮೊದಲು ಸಿಆರ್‌ಎಸ್ ಅನ್ನು ವಾಪಸ್ 4326ಕ್ಕೆ ಇಡಿ. ಆಮೇಲೆ 'ರಿಪ್ರಾಜೆಕ್ಟ್ ಲೇಯರ್' ಅನ್ನುವ ಟೂಲ್ ಬಳಸಿ, ಅದು ಪ್ರತಿ ಬಿಂದುವನ್ನೂ ಲೆಕ್ಕ ಹಾಕಿ ಹೊಸ ಲೇಯರ್ ಕೊಡುತ್ತದೆ.

ಯಾವುದಕ್ಕೆ ಬದಲಿಸಬೇಕು ಅನ್ನುವುದು ಮುಂದಿನ ಪ್ರಶ್ನೆ. ತುಂಬಾ ಜನ 3857 ಆರಿಸುತ್ತಾರೆ, ಅದು ಮೀಟರಿನಲ್ಲಿ ಇದೆಯಲ್ಲ ಅಂತ. ಬೇಡ. ಅದು ವೆಬ್ ನಕ್ಷೆಗಳ ಮರ್ಕೇಟರ್. 1569ರಲ್ಲಿ ಮರ್ಕೇಟರ್ ಅನ್ನುವ ನಕ್ಷೆಗಾರ ನಾವಿಕರಿಗಾಗಿ ಹಾಕಿದ ಲೆಕ್ಕದಲ್ಲಿ ದಿಕ್ಕು ಸರಿ ಇರುತ್ತದೆ, ವಿಸ್ತೀರ್ಣ ಉಬ್ಬುತ್ತದೆ. ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ಕಾಣುವುದು ಇದರಿಂದಲೇ, ನಿಜಕ್ಕೂ ಆಫ್ರಿಕಾ ಅದರ 14 ಪಟ್ಟು ಇದೆ. 60 ಡಿಗ್ರಿಯಲ್ಲಿ ನಿಮ್ಮ ಒಂದು ಹೆಕ್ಟೇರನ್ನು ಇದು ನಾಲ್ಕು ಅಂತ ತೋರಿಸುತ್ತದೆ. ಸಣ್ಣ ಜಾಗಕ್ಕೆ ಯುಟಿಎಂ ಒಳ್ಳೆಯದು. ಅದು ಭೂಮಿಯನ್ನು 6 ಡಿಗ್ರಿಯಂತೆ 60 ಪಟ್ಟಿಗಳಾಗಿ ಸೀಳುತ್ತದೆ, ನಿಮ್ಮ ಜಾಗ ಯಾವ ಪಟ್ಟಿಯಲ್ಲಿದೆಯೋ ಅದನ್ನು ಆರಿಸಿ.

ಇಷ್ಟೆಲ್ಲ ಯಾಕೆ ಬೇಕು, ಉತ್ತರ ಬೇಗ ಬೇಕು ಅನ್ನುವವರಿಗೆ ಇನ್ನೊಂದು ದಾರಿ ಇದೆ. ಫೀಲ್ಡ್ ಕ್ಯಾಲ್ಕ್ಯುಲೇಟರಿನಲ್ಲಿ ವಿಸ್ತೀರ್ಣಕ್ಕೆ ಎರಡು ಬಗೆ ಇವೆ. ಡಾಲರ್ ಗುರುತು ಮುಂದಿಟ್ಟ 'ಏರಿಯಾ' ಪ್ರಾಜೆಕ್ಟಿನಲ್ಲಿ ಹೇಳಿರುವ ದೀರ್ಘಗೋಳವನ್ನು (ಭೂಮಿಯ ಆಕಾರವನ್ನು) ನೋಡಿ ಲೆಕ್ಕ ಹಾಕುತ್ತದೆ, ಲೇಯರ್ ಡಿಗ್ರಿಯಲ್ಲಿದ್ದರೂ ಸರಿಯಾದ ಉತ್ತರ ಬರುತ್ತದೆ. ಆವರಣದೊಳಗೆ ಜಿಯಾಮೆಟ್ರಿ ಕೇಳುವ 'ಏರಿಯಾ' ಲೇಯರಿನ ಅಳತೆಯನ್ನೇ ನಂಬುತ್ತದೆ. ನೀವು ಒತ್ತಿದ್ದು ಎರಡನೆಯದು.

ಪ್ರಶ್ನೆ: ಎಕ್ಸೆಲ್‌ನಲ್ಲಿದ್ದ ಜಾಗಗಳ ಪಟ್ಟಿಯನ್ನು ನಕ್ಷೆಗೆ ಹಾಕಿದರೆ ಎಲ್ಲವೂ ಸಮುದ್ರದಲ್ಲಿ ಬಿದ್ದಿವೆ!

ಅಕ್ಷಾಂಶ ರೇಖಾಂಶ ಅದಲುಬದಲಾಗಿದೆ. ಬಾಯಲ್ಲಿ ಹೇಳುವಾಗ ಅಕ್ಷಾಂಶ ಮೊದಲು. ಸಾಫ್ಟ್‌ವೇರ್ ಕೇಳುವುದು ಎಕ್ಸ್ ಮೊದಲು, ಅದು ರೇಖಾಂಶ. ಜಿಯೋಜೇಸನ್ ಫೈಲಿನಲ್ಲೂ ರೇಖಾಂಶವೇ ಮೊದಲು ಬರಬೇಕು ಅಂತ 2016ರ ಮಾನದಂಡದಲ್ಲಿ ಬರೆದೇ ಇದೆ. ಪ್ಯಾರಿಸ್ ಇರುವುದು 48.85, 2.35ರಲ್ಲಿ. ತಿರುಗಿಸಿ ಹಾಕಿ ನೋಡಿ, ಸೊಮಾಲಿಯಾದ ಆಚೆ ಹಿಂದೂ ಮಹಾಸಾಗರದಲ್ಲಿ ತೇಲುತ್ತದೆ.

ಎಲ್ಲ ಬಿಂದುಗಳೂ ಆಫ್ರಿಕಾದ ಪಶ್ಚಿಮಕ್ಕೆ ಒಂದೇ ಕಡೆ ಗುಂಪಾಗಿ ಬಿದ್ದಿದ್ದರೆ ಮಾತ್ರ ಕಾರಣ ಬೇರೆ. ಅಲ್ಲಿ ಅಂಕಿಗಳು ಖಾಲಿ ಇದ್ದು ಸೊನ್ನೆ, ಸೊನ್ನೆ ಆಗಿವೆ. ಆ ಜಾಗಕ್ಕೆ ನಕ್ಷೆ ಮಾಡುವವರು 'ನಲ್ ಐಲ್ಯಾಂಡ್' ಅಂತ ತಮಾಷೆಗೆ ಹೆಸರಿಟ್ಟಿದ್ದಾರೆ. ನ್ಯಾಚುರಲ್ ಅರ್ಥ್ ಅನ್ನುವ ಮುಕ್ತ ಡೇಟಾದಲ್ಲಂತೂ ತಪ್ಪು ಹಿಡಿಯಲು ಅನುಕೂಲವಾಗಲಿ ಅಂತ ಅಲ್ಲಿ ಒಂದು ಚದರ ಮೀಟರಿನ ಸುಳ್ಳು ದ್ವೀಪವನ್ನೇ ಇಟ್ಟಿದ್ದಾರೆ.

ಪ್ರಶ್ನೆ: ನಕ್ಷೆಯ ಡೇಟಾ ಇಡುವ ಶೇಪ್‌ಫೈಲಿನಲ್ಲಿ ಕನ್ನಡದಲ್ಲಿ ಬರೆದ ಹೆಸರುಗಳು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಏನೇನೋ ಚಿಹ್ನೆಗಳಾಗಿ ಬರುತ್ತವೆ. ಕಾಲಂ ಹೆಸರೂ ಅರ್ಧಕ್ಕೇ ತುಂಡಾಗುತ್ತದೆ. ಪರಿಹಾರ ಇದೆಯಾ?

ಇದೆ. ಶೇಪ್‌ಫೈಲ್ ಬಿಟ್ಟುಬಿಡಿ.

ಕೋಪದಲ್ಲಿ ಹೇಳಿದ್ದಲ್ಲ. ಶೇಪ್‌ಫೈಲ್ 1990ರ ದಶಕದ್ದು, ಅದರೊಳಗಿನ ಪಟ್ಟಿ ಕೂರುವುದು ಅದಕ್ಕಿಂತಲೂ ಹಳೆಯ ಡಿಬಿಎಫ್ ಫೈಲಿನಲ್ಲಿ. ಅಲ್ಲಿ ಕಾಲಂ ಹೆಸರಿಗೆ ಇರುವ ಜಾಗ 10 ಬೈಟ್. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು, ಅದರಲ್ಲೂ 'ಕಿ' ಅಂದರೆ ಕ ಒಂದು, ಗುಡಿಸು ಇನ್ನೊಂದು, ಒಟ್ಟು ಆರು ಬೈಟ್ ಹೋಯಿತು. ಹಾಗಾಗಿ ಕನ್ನಡದ ಕಾಲಂ ಹೆಸರು ಮೂರು ಸಂಕೇತಕ್ಕೇ ಮುಗಿಯುತ್ತದೆ. ಒಳಗಿನ ಬರಹಕ್ಕೂ 254 ಬೈಟ್ ಮಿತಿ ಇದೆ, ಅಂದರೆ 84 ಸಂಕೇತ.

ಚಿಹ್ನೆಗಳಾಗುವುದಕ್ಕೆ ಕಾರಣ, ಇದು ಯುಟಿಎಫ್-8 ಅಂತ ಹೇಳುವ ಸಣ್ಣ ಸಿಪಿಜಿ ಫೈಲನ್ನು ನೀವು ಕಳಿಸಿರುವುದಿಲ್ಲ. ಶೇಪ್‌ಫೈಲ್ ಅನ್ನುವುದು ಹೆಸರಿಗೆ ಒಂದು, ಕಳಿಸುವಾಗ ನಾಲ್ಕೈದು. ಎಸ್‌ಎಚ್‌ಪಿ, ಎಸ್‌ಎಚ್‌ಎಕ್ಸ್, ಡಿಬಿಎಫ್, ಪಿಆರ್‌ಜೆ, ಸಿಪಿಜಿ ಎಲ್ಲವೂ ಒಟ್ಟಿಗೆ ಹೋಗಬೇಕು. ಬರೀ ಎಸ್‌ಎಚ್‌ಪಿ ಕಳಿಸಿ 'ನೋಡಿ ಹೇಳಿ' ಅನ್ನುವವರು ವಾರಕ್ಕೊಬ್ಬರಾದರೂ ಸಿಗುತ್ತಾರೆ, ಅವರಿಗೂ ಇದೇ ಉತ್ತರ.

ಬದಲಿಗೆ ಜಿಯೋಪ್ಯಾಕೇಜ್ ಬಳಸಿ. 2014ರಲ್ಲಿ ಓಪನ್ ಜಿಯೋಸ್ಪೇಷಿಯಲ್ ಕನ್ಸಾರ್ಟಿಯಂ ಒಪ್ಪಿದ ಮಾನದಂಡ ಅದು. ಒಂದೇ ಫೈಲ್, ಒಳಗೆ ಎಷ್ಟು ಲೇಯರ್ ಬೇಕಾದರೂ ಇಡಬಹುದು, ಕನ್ನಡ ಹಾಗೇ ಉಳಿಯುತ್ತದೆ. ಕ್ಯೂಜಿಐಎಸ್ ಈಗ ಉಳಿಸುವಾಗ ತಾನಾಗೇ ಇದನ್ನೇ ತೋರಿಸುತ್ತದೆ, ನಾವೇ ಹಳೆ ಅಭ್ಯಾಸದಿಂದ ಕೆಳಗೆ ಹೋಗಿ ಶೇಪ್‌ಫೈಲ್ ಹುಡುಕುತ್ತೇವೆ.

ಪ್ರಶ್ನೆ: ಒಂದು ಕಂಪನಿಯ ನಕ್ಷೆಯಲ್ಲಿ ಅಂಗಡಿಗಳ, ಬೀದಿಗಳ ಹೆಸರು ಚೆನ್ನಾಗಿವೆ. ನೋಡಿಕೊಂಡು ಓಪನ್‌ಸ್ಟ್ರೀಟ್‌ಮ್ಯಾಪಿಗೆ ಸೇರಿಸಿದರೆ ಯಾರಿಗೆ ಗೊತ್ತಾಗುತ್ತದೆ?

ಗೊತ್ತಾಗುತ್ತದೆ. ನಕ್ಷೆ ಮಾಡುವ ಕಂಪನಿಗಳು ಕಳ್ಳರನ್ನು ಹಿಡಿಯಲು ಬೇಕಂತಲೇ ಇಲ್ಲದ ಬೀದಿ, ಇಲ್ಲದ ಊರು ಸೇರಿಸುವುದು ಹಳೆಯ ಪದ್ಧತಿ. 1930ರ ದಶಕದಲ್ಲಿ ಹೀಗೇ ನ್ಯೂಯಾರ್ಕ್ ರಾಜ್ಯದ ನಕ್ಷೆಯಲ್ಲಿ ಒಂದು ಕಂಪನಿ 'ಆಗ್ಲೋ' ಅನ್ನುವ ಊರನ್ನು ಸೃಷ್ಟಿಸಿತು. ಮುಂದೆ ಇನ್ನೊಂದು ಕಂಪನಿಯ ನಕ್ಷೆಯಲ್ಲೂ ಆಗ್ಲೋ ಕಾಣಿಸಿಕೊಂಡಿತು. ಸಿಕ್ಕಿಬಿದ್ದರು ಅಂದುಕೊಂಡರೆ, ಅಷ್ಟರಲ್ಲಿ ಯಾರೋ ನಕ್ಷೆಯಲ್ಲಿ ಹೆಸರು ನೋಡಿ ಆ ಜಾಗದಲ್ಲಿ ಅದೇ ಹೆಸರಿನ ಅಂಗಡಿ ತೆರೆದಿದ್ದರು. ಸುಳ್ಳು ಊರು ನಿಜವಾಗಿಬಿಟ್ಟಿತ್ತು!

ನಿಮಗೆ ಅಂಥ ಅದೃಷ್ಟ ಬರಲಿಕ್ಕಿಲ್ಲ. ಸಿಕ್ಕಿಬೀಳುವುದು ಒಂದು ಕಡೆ ಇರಲಿ, ಓಪನ್‌ಸ್ಟ್ರೀಟ್‌ಮ್ಯಾಪಿನ ಡೇಟಾವನ್ನು ಯಾರು ಬೇಕಾದರೂ ಧೈರ್ಯವಾಗಿ ಬಳಸುವುದು ಅದರಲ್ಲಿ ಕದ್ದದ್ದು ಇಲ್ಲ ಅನ್ನುವ ನಂಬಿಕೆಯ ಮೇಲೆ. ನಕಲು ಅಂತ ತಿಳಿದರೆ ನೀವು ಸೇರಿಸಿದ್ದನ್ನೆಲ್ಲ ತೆಗೆಯುತ್ತಾರೆ, ಅದರಲ್ಲಿ ನೀವು ಕಷ್ಟಪಟ್ಟು ನಡೆದು ನೋಡಿ ಬರೆದದ್ದೂ ಸೇರಿ ಹೋಗಬಹುದು. ಬೀದಿಗೆ ಹೋಗಿ ಬೋರ್ಡ್ ಓದಿ ಬರೆಯಿರಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಗೆರೆ ಎಳೆಯಲು ಎಡಿಟರಿನೊಳಗೆ ಅನುಮತಿ ಇರುವ ಉಪಗ್ರಹ ಚಿತ್ರಗಳನ್ನು ಕೊಟ್ಟಿರುತ್ತಾರೆ, ಅವುಗಳನ್ನೇ ಬಳಸಿ.

ಪ್ರಶ್ನೆ: ಹಾಗಾದರೆ ಓಪನ್‌ಸ್ಟ್ರೀಟ್‌ಮ್ಯಾಪಿನ ಡೇಟಾ ನಾನು ವ್ಯಾಪಾರಕ್ಕೆ ಬಳಸಬಹುದಾ? ದುಡ್ಡು ಕೊಡಬೇಕಾ?

ಬಳಸಬಹುದು, ದುಡ್ಡು ಬೇಡ. 2012ರಿಂದ ಅದಕ್ಕೆ ಓಡಿಬಿಎಲ್ ಅನ್ನುವ ಲೈಸೆನ್ಸ್ ಇದೆ. ನಕ್ಷೆಯ ಚಿತ್ರ ಮಾಡಿ ಮಾರಿದರೆ ಮೂಲೆಯಲ್ಲಿ 'ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರು' ಅಂತ ಹಾಕಿ, ಸಾಕು. ಆದರೆ ಅವರ ಡೇಟಾವನ್ನೇ ತಿದ್ದಿ ಬೆಳೆಸಿ ಅದನ್ನು ಹೊರಗೆ ಬಿಟ್ಟರೆ, ಆ ತಿದ್ದಿದ ಡೇಟಾವನ್ನೂ ಅದೇ ಲೈಸೆನ್ಸಿನಲ್ಲಿ ಕೊಡಬೇಕು. ಇನ್ನೊಂದು ಮಾತು. ಡೇಟಾ ಮುಕ್ತ, ಅವರ ಸರ್ವರ್ ಅಲ್ಲ. ಅದು ದೇಣಿಗೆಯಲ್ಲಿ ನಡೆಯುತ್ತದೆ. ನಕ್ಷೆಯ ತುಣುಕುಗಳನ್ನು ಸಾವಿರಗಟ್ಟಲೆ ಎಳೆದುಕೊಳ್ಳುವ ಆ್ಯಪ್ ಬರೆದರೆ ನಿಮ್ಮನ್ನು ತಡೆಯುತ್ತಾರೆ, ತಡೆಯಲೂ ಬೇಕು.

ಸಾಫ್ಟ್‌ವೇರಿನ ಲೈಸೆನ್ಸ್ ಕೂಡ ಓದಿಕೊಳ್ಳಿ. ವೆಬ್ ನಕ್ಷೆ ತೋರಿಸುವ ಮ್ಯಾಪ್‌ಬಾಕ್ಸ್ ಜಿಎಲ್ ಅನ್ನುವ ಲೈಬ್ರರಿ ಮುಕ್ತವಾಗಿತ್ತು, 2020ರ ಡಿಸೆಂಬರಿನಲ್ಲಿ ಅದರ ಎರಡನೇ ಆವೃತ್ತಿಗೆ ಕಂಪನಿ ಲೈಸೆನ್ಸ್ ಬದಲಿಸಿತು. ಹಳೆಯ ಆವೃತ್ತಿಯ ಕೋಡ್ ಮುಕ್ತವಾಗಿಯೇ ಉಳಿದಿದ್ದರಿಂದ ಜನ ಅದನ್ನು ತೆಗೆದುಕೊಂಡು ಮ್ಯಾಪ್‌ಲಿಬ್ರೆ ಅಂತ ಮುಂದುವರಿಸಿದರು. ಪುಕ್ಕಟೆ ಮಾತ್ರ ಆಗಿದ್ದರೆ ಅವತ್ತಿಗೆ ಕಥೆ ಮುಗಿಯುತ್ತಿತ್ತು.

ಪ್ರಶ್ನೆ: ಪುಕ್ಕಟೆ ಉಪಗ್ರಹ ಚಿತ್ರದಲ್ಲಿ ನಮ್ಮ ಮನೆ ಕಾಣುತ್ತದಾ?

ಇಲ್ಲ. ಮುಕ್ತವಾಗಿ ಸಿಗುವುದರಲ್ಲಿ ಚೆನ್ನಾಗಿರುವುದು ಯುರೋಪಿನ ಸೆಂಟಿನೆಲ್-2, ಅದರ ಒಂದು ಪಿಕ್ಸೆಲ್ 10 ಮೀಟರ್. ಮನೆ ಒಂದೆರಡು ಚೌಕ ಆಗಿ ಕಾಣುತ್ತದೆ ಅಷ್ಟೇ. ಆದರೆ ಕೆರೆ ಒಣಗಿದ್ದು, ಕಾಡು ಕಡಿದದ್ದು, ಬೆಳೆ ಹಸಿರಾದದ್ದು ಚೆನ್ನಾಗಿ ತಿಳಿಯುತ್ತದೆ, ಮೋಡ ಇಲ್ಲದಿದ್ದರೆ. ಹಳೆಯದು ಬೇಕಾದರೆ ಲ್ಯಾಂಡ್‌ಸ್ಯಾಟ್ ಇದೆ, 1972ರಿಂದಲೂ ಚಿತ್ರಗಳಿವೆ, 2008ರಲ್ಲಿ ಆ ಭಂಡಾರವನ್ನು ಎಲ್ಲರಿಗೂ ಪುಕ್ಕಟೆ ಮಾಡಿದರು.

ಎತ್ತರದ ಡೇಟಾ ಕೇಳಿದವರಿಗೂ ಇಲ್ಲೇ ಹೇಳುತ್ತೇನೆ. ಎಲ್ಲರೂ ಬಳಸುವ ಎಸ್‌ಆರ್‌ಟಿಎಂ 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ಶಟಲ್ 11 ದಿನ ಸುತ್ತಿ ರೇಡಾರಿನಲ್ಲಿ ಅಳೆದದ್ದು. ದಟ್ಟ ಕಾಡಿನಲ್ಲಿ ಆ ರೇಡಾರ್ ನೆಲದವರೆಗೆ ಮುಟ್ಟಲಿಲ್ಲ, ಮರದ ತಲೆಯ ಹತ್ತಿರವೇ ನಿಂತಿತು. ನಕ್ಷೆಯಲ್ಲಿ ನೀರು ಗುಡ್ಡ ಹತ್ತಿ ಹರಿಯುವಂತೆ ಕಂಡರೆ ಅಲ್ಲಿ ಕಾಡು ಇದೆಯಾ ಅಂತ ಮೊದಲು ನೋಡಿ.

ಪ್ರಶ್ನೆ: ನನಗೆ ಕೋಡ್ ಬರುವುದಿಲ್ಲ. ಏನಾದರೂ ಸಹಾಯ ಮಾಡಬಹುದಾ?

ಧಾರಾಳವಾಗಿ. ಆಂಡ್ರಾಯ್ಡ್ ಫೋನಿಗೆ ಸ್ಟ್ರೀಟ್‌ಕಂಪ್ಲೀಟ್ ಹಾಕಿಕೊಂಡು ನಡೆಯಲು ಹೊರಡಿ. ಈ ರಸ್ತೆ ಡಾಂಬರಾ ಮಣ್ಣಾ, ಈ ಬಸ್ ನಿಲ್ದಾಣಕ್ಕೆ ಸೂರು ಇದೆಯಾ ಅಂತ ಅದೇ ಕೇಳುತ್ತದೆ, ನೀವು ನೋಡಿ ಒತ್ತಿದರೆ ಆಯಿತು.

ಕನ್ನಡ ಬಲ್ಲವರು ಮಾಡಬಹುದಾದ ಕೆಲಸ ಇನ್ನೂ ಒಂದಿದೆ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಪ್ರತಿ ಜಾಗಕ್ಕೂ ಬೇರೆ ಬೇರೆ ಭಾಷೆಯ ಹೆಸರಿಗೆ ಬೇರೆ ಬೇರೆ ಟ್ಯಾಗ್ ಇರುತ್ತದೆ, ಕನ್ನಡದ್ದು 'ನೇಮ್' ಆದಮೇಲೆ ಕೋಲನ್, ಆಮೇಲೆ 'ಕೆಎನ್'. ಅದನ್ನು ತುಂಬಿದರೆ ಯಾವ ಆ್ಯಪ್ ಬೇಕಾದರೂ ನಕ್ಷೆಯನ್ನು ಕನ್ನಡದಲ್ಲಿ ತೋರಿಸಬಹುದು. ಆದರೆ ಇಂಗ್ಲಿಷ್ ಅಕ್ಷರ ನೋಡಿ ಊಹೆ ಮಾಡಿ ಬರೆಯಬೇಡಿ. ಅಲ್ಲಿ ಒಂದೇ 'ಎಲ್' ಇರುತ್ತದೆ, ಅದು ಲ ಆಗಬೇಕೋ ಳ ಆಗಬೇಕೋ ಅನ್ನುವುದು ಆ ಊರಿನವರ ಬಾಯಲ್ಲಿ ಕೇಳಿದರೇ ಗೊತ್ತಾಗುವುದು.