ಏರ್ ರೈಫಲ್‌ಗೆ ಕಡಿಮೆ ಬೆಲೆಯ, ನಂಬಬಹುದಾದ ಸ್ಕೋಪ್ ಯಾವುದು?

ಸೇಡಂ ತಾಲ್ಲೂಕಿನ ನಿಮ್ಮ ತೊಗರಿ ಹೊಲಕ್ಕೆ ಹಂದಿ ಮತ್ತು ಚಿಗರಿಗಳ ಕಾಟವಿದೆ, ಮನೆಯಲ್ಲಿ ಅಜ್ಜನ ಕಾಲದಿಂದ ಬಂದ ಪರವಾನಗಿಯ ಒಂಟಿ ನಳಿಗೆ ಬಂದೂಕಿದೆ, ಜೊತೆಗೆ ಈಚೆಗೆ ಸ್ಪ್ರಿಂಗ್ ಏರ್ ರೈಫಲ್ ಒಂದನ್ನು ಕೊಂಡಿದ್ದೀರಿ. ಬೇಟೆಗೆ ಒದಗುವ, ಹತ್ತು ಸಾವಿರ ರೂಪಾಯಿಯೊಳಗಿನ ಸ್ಕೋಪ್ (ಗುರಿ ಹಿಡಿಯಲು ಬಂದೂಕಿನ ಮೇಲೆ ಕೂರಿಸುವ ದುರ್ಬೀನು) ಯಾವುದೆಂದು ಕೇಳಿದ್ದೀರಿ. ನಾನು ಕಲಬುರಗಿಯವನು. ಹನ್ನೆರಡು ವರ್ಷಗಳಿಂದ ಏರ್ ರೈಫಲ್‌ನಲ್ಲಿ ಕಾಗದದ ಗುರಿಗೆ ಹೊಡೆಯುವ ಅಭ್ಯಾಸ ಇಟ್ಟುಕೊಂಡಿದ್ದೇನೆ, ಮೂರು ಸ್ಕೋಪ್‌ಗಳನ್ನು ಬಳಸಿದ್ದೇನೆ. ಆ ಅನುಭವದ ಮೇಲೆ ಉತ್ತರಿಸುತ್ತೇನೆ.

ಮೊದಲು ಬೇಟೆಯ ವಿಚಾರ. ಸುರಪುರದ ಬೇಡ ನಾಯಕರ ನೆನಪು ಇನ್ನೂ ಹಸಿರಾಗಿರುವ ನಮ್ಮ ಸೀಮೆಯಲ್ಲಿ ಬೇಟೆಯ ಮಾತು ಮನೆಮನೆಯಲ್ಲೂ ಕೇಳಿಬರುತ್ತದೆ, ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೆಯ ಕಲಮು ಅದನ್ನು ನಿಷೇಧಿಸಿದೆ. ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಉರುಳು ಒಡ್ಡುವುದು, ವಿಷವಿಕ್ಕುವುದು, ಇವಕ್ಕೆ ಯತ್ನಿಸುವುದು ಎಲ್ಲವೂ ಆ ಕಾಯ್ದೆಯ ದೃಷ್ಟಿಯಲ್ಲಿ ಬೇಟೆಯೇ. ನೀವು ಹೇಳಿದ ಚಿಗರಿ, ಅಂದರೆ ಕೃಷ್ಣಮೃಗ, ಅತ್ಯಂತ ಹೆಚ್ಚಿನ ರಕ್ಷಣೆಯ ಮೊದಲನೆಯ ಅನುಸೂಚಿಯಲ್ಲಿದೆ. ಹಂದಿಯಿಂದ ನಿಂತ ಬೆಳೆಗೆ ಹಾನಿಯಾಗುತ್ತಿದ್ದರೆ 11ನೆಯ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಲಿಖಿತ ಆದೇಶ ಕೊಡಬಹುದು. ಆ ಕಾಗದ ಕೈಯಲ್ಲಿಲ್ಲದೆ ಪ್ರಾಣಿಯ ಕಡೆಗೆ ನಳಿಗೆ ತಿರುಗಿಸಬೇಡಿ. ಅದರಲ್ಲಿಯೂ ಏರ್ ರೈಫಲ್‌ನ 4.5 ಮಿಲಿಮೀಟರ್ ಛರ್ರೆ ಹಂದಿಯನ್ನು ಕೊಲ್ಲಲಾರದು. ಗಾಯವನ್ನಷ್ಟೇ ಮಾಡಿ, ನರಳುತ್ತ ಓಡುವ ಹಾಗೆ ಮಾಡುತ್ತದೆ. ಹೀಗಾಗಿ ಇಲ್ಲಿಂದ ಮುಂದೆ ಬರೆಯುವುದೆಲ್ಲ ಗುರಿ ಹಲಗೆಗೆ ಹೊಡೆಯುವ ಅಭ್ಯಾಸಕ್ಕೆ ಬೇಕಾದ ಸ್ಕೋಪ್ ಕುರಿತು.

ಅಜ್ಜನ ಬಂದೂಕಿಗೆ ಸ್ಕೋಪ್ ಬೇಡ. 1959ರ ಆಯುಧ ಕಾಯ್ದೆಯ 13ನೆಯ ಕಲಮಿನಲ್ಲಿ ರಕ್ಷಣೆಗೆ ಅಥವಾ ಕ್ರೀಡೆಗೆ 20 ಇಂಚಿಗಿಂತ ಕಡಿಮೆಯಿಲ್ಲದ ನಳಿಗೆಯ ನುಣುಪು ಕೊಳವೆಯ ಬಂದೂಕು, ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಬಂದೂಕು ಎಂಬ ಉಲ್ಲೇಖವಿದೆ, ಮತ್ತು ನಮ್ಮ ಹಳ್ಳಿಗಳಲ್ಲಿ ಹಳೆಯ ಪರವಾನಗಿಯ ಮೇಲೆ ಉಳಿದಿರುವವು ಹೆಚ್ಚಾಗಿ ಇವೇ. ಇವುಗಳ ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳಿರುವುದಿಲ್ಲ. ಛರ್ರೆಗಳು ನಾಲ್ವತ್ತು ಮೀಟರ್ ದಾಟುವಷ್ಟರಲ್ಲಿ ಚದುರಿಬಿಡುವಾಗ, ಗುರಿಯನ್ನು ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವ ಗಾಜಿನಿಂದ ಆಗುವ ಲಾಭ ಏನೂ ಇಲ್ಲ.

ಇನ್ನು ನಿಮ್ಮ ಏರ್ ರೈಫಲ್. ಸ್ಪ್ರಿಂಗ್ ರೈಫಲ್‌ನ ಒದೆತ ಉಳಿದ ಬಂದೂಕುಗಳ ಒದೆತದಂತಲ್ಲ ಎಂಬುದನ್ನು ಸ್ಕೋಪ್ ಕೊಳ್ಳುವವರು ಎಲ್ಲಕ್ಕಿಂತ ಮೊದಲು ತಿಳಿಯಬೇಕು. ಕುದುರೆ (ಟ್ರಿಗರ್) ಎಳೆದ ಕೂಡಲೇ ಸ್ಪ್ರಿಂಗ್ ತಳ್ಳುವ ಪಿಸ್ಟನ್ ಮುಂದಕ್ಕೆ ಜಿಗಿಯುವುದರಿಂದ ರೈಫಲ್ ಮೊದಲು ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ ಕೊಳವೆಯ ತುದಿಗೆ ಬಂದು ಬಡಿದಾಗ ಇಡೀ ರೈಫಲ್ ಥಟ್ಟನೆ ಮುಂದಕ್ಕೆ ಎಳೆಯಲ್ಪಡುತ್ತದೆ. ಎತ್ತಿನ ಬಂಡಿ ತಗ್ಗಿಗೆ ಇಳಿದು ಎದುರಿನ ದಿಣ್ಣೆಗೆ ಬಡಿದ ಹಾಗೆ ಈ ಎರಡು ಅಲುಗಾಟಗಳು ಕ್ಷಣಾರ್ಧದಲ್ಲಿ ಒಂದರ ಹಿಂದೊಂದು ಆಗುತ್ತವೆ. ಮದ್ದಿನ ರೈಫಲ್‌ಗೆಂದು ತಯಾರಾದ ಸ್ಕೋಪ್‌ಗಳು ಹಿಂದಕ್ಕೆ ಬರುವ ಒದೆತವನ್ನು ಮಾತ್ರ ತಡೆಯುವಂತೆ ಕಟ್ಟಿರಬಹುದು, ಮುಂದಕ್ಕೆ ಎಳೆಯುವ ಬಲಕ್ಕೆ ಅವುಗಳ ಒಳಗಿನ ಮಸೂರಗಳು ಮತ್ತು ಗುರಿಗೆರೆ (ಗುರಿ ಹಿಡಿಯಲು ಸ್ಕೋಪ್‌ನೊಳಗೆ ಕಾಣುವ ಅಡ್ಡ-ಉದ್ದ ಗೆರೆ) ಸಡಿಲಾಗುತ್ತವೆ. ನನ್ನ ಮೊದಲ ಸ್ಕೋಪ್ ಹೀಗೆಯೇ ಹೋಯಿತು. ಆನ್‌ಲೈನ್‌ನಲ್ಲಿ 9-27x50 ಎಂದು ಬರೆದ ಉದ್ದನೆಯ ಸ್ಕೋಪ್ ಒಂದನ್ನು ತರಿಸಿದ್ದೆ; ಮೊದಲ ವಾರ ಚೆನ್ನಾಗಿತ್ತು, ಮುನ್ನೂರು ಛರ್ರೆ ಹಾರಿಸುವಷ್ಟರಲ್ಲಿ ಒಂದು ಹೊಡೆತ ಎಡಕ್ಕೆ, ಮರು ಹೊಡೆತ ಮೇಲಕ್ಕೆ ಬೀಳತೊಡಗಿತು. ನನ್ನ ಕೈ ನಡುಗುತ್ತಿದೆಯೆಂದು ಭಾವಿಸಿ ಎರಡು ತಿಂಗಳು ಹಿಡಿತವನ್ನೇ ತಿದ್ದುತ್ತ ಕುಳಿತೆ. ಕೊನೆಗೆ ಸ್ಕೋಪ್ ಬಿಚ್ಚಿ ಕಿವಿಯ ಬಳಿ ಅಲುಗಾಡಿಸಿದರೆ ಒಳಗೆ ಏನೋ ಸಡಿಲಾಗಿ ಸದ್ದು ಮಾಡುತ್ತಿತ್ತು, ಆ ವೇಳೆಗೆ ಮರಳಿಸುವ ಅವಧಿಯೂ ಮುಗಿದಿತ್ತು. ಆದ್ದರಿಂದ ಸ್ಪ್ರಿಂಗ್ ಏರ್ ರೈಫಲ್‌ಗೆ ಹೊಂದುತ್ತದೆ ಎಂದು ತಯಾರಕರೇ ಸ್ಪಷ್ಟವಾಗಿ ಬರೆದಿರುವ ಸ್ಕೋಪ್ ಅನ್ನು ಮಾತ್ರ ಕೊಳ್ಳಿ. ಹಾಕ್ ಕಂಪನಿಯ ವಾಂಟೇಜ್ ಸರಣಿಯ 4x32 ಎಒ, ಯುಟಿಜಿಯ ಬಗ್ ಬಸ್ಟರ್ ಮುಂತಾದವು ಏರ್ ರೈಫಲ್ ಬಳಸುವವರಲ್ಲಿ ಹೆಸರು ಪಡೆದಿವೆ. ಆಮದಾದ ಮಾಲಿನ ಬೆಲೆ ಅಂಗಡಿಯಿಂದ ಅಂಗಡಿಗೆ ಬಹಳ ವ್ಯತ್ಯಾಸವಾಗುವುದರಿಂದ ಕನಿಷ್ಠ ಎರಡು ಕಡೆ ವಿಚಾರಿಸಿ, ಖಾತರಿಯನ್ನು ಭಾರತದಲ್ಲಿ ಯಾರು ನಿಭಾಯಿಸುತ್ತಾರೆ ಎಂಬುದನ್ನು ಬಿಲ್ಲಿನ ಮೇಲೆ ಬರೆಯಿಸಿಕೊಳ್ಳಿ. ಹೆಸರಾಂತ ಕಂಪನಿಯ ಅಚ್ಚು ಹಾಕಿದ ನಕಲಿ ಸ್ಕೋಪ್‌ಗಳು ಬಹಳ ಓಡಾಡುತ್ತವೆ. ಅಸಲಿಯ ಕಾಲು ಬೆಲೆಗೆ ಸಿಕ್ಕರೆ ಅದು ಅಸಲಿಯಲ್ಲ.

ದೊಡ್ಡ ಸಂಖ್ಯೆಗಳಿಗೆ ಮನಸೋಲಬೇಡಿ. 4x32 ಎಂದರೆ ನಾಲ್ಕು ಪಟ್ಟು ಹಿಗ್ಗಿಸುವ, ಮುಂದಿನ ಮಸೂರ 32 ಮಿಲಿಮೀಟರ್ ಅಗಲವಿರುವ ಸ್ಕೋಪ್. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬಂದು ತಲುಪುವ ಬೆಳಕಿನ ಕಂತೆಯ ಅಗಲ ಸಿಗುತ್ತದೆ, ಇಲ್ಲಿ 8 ಮಿಲಿಮೀಟರ್. ನನ್ನ ಹಳೆಯ ಸ್ಕೋಪ್‌ನಲ್ಲಿ 27 ಪಟ್ಟಿಗೆ ಇಟ್ಟರೆ ಅದು ಎರಡು ಮಿಲಿಮೀಟರಿಗಿಂತ ಕಡಿಮೆ, ಕಣ್ಣು ಕೂದಲೆಳೆಯಷ್ಟು ಸರಿದರೂ ಕಪ್ಪು. ಇದರ ಮೇಲೆ ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದಾಗ ಎರೆಹೊಲದ ಮೇಲೆ ಗಾಳಿ ಬಿಸಿಲ್ಗುದುರೆಯಾಗಿ ಕುಣಿಯುತ್ತದೆ, ಮತ್ತು ಹಿಗ್ಗಿಸುವ ಶಕ್ತಿ ಹೆಚ್ಚಿದಷ್ಟೂ ಆ ಕುಣಿತವೂ ಹಿಗ್ಗುತ್ತದೆ. ಬೆಳಿಗ್ಗೆ ಎಂಟರ ನಂತರ ಹನ್ನೆರಡು ಪಟ್ಟಿಗಿಂತ ಮೇಲೆ ಗುರಿಯ ಅಂಚೇ ನಿಲ್ಲುವುದಿಲ್ಲ. ಹತ್ತರಿಂದ ಮೂವತ್ತು ಮೀಟರ್ ಅಭ್ಯಾಸಕ್ಕೆ ಒಂದೇ ಶಕ್ತಿಯ ನಾಲ್ಕು ಪಟ್ಟಿನ ಸ್ಕೋಪ್ ಸಾಕು. ಅದರೊಳಗೆ ಚಲಿಸುವ ಭಾಗಗಳು ಕಡಿಮೆ ಇರುವುದರಿಂದ ಅದೇ ಹಣಕ್ಕೆ ಗಟ್ಟಿಯಾದ ಮಾಲು ಸಿಗುತ್ತದೆ.

ಎಒ (ಅಡ್ಜಸ್ಟಬಲ್ ಆಬ್ಜೆಕ್ಟಿವ್, ಅಂದರೆ ಹೊಂದಿಸಬಹುದಾದ ಮುಂದಿನ ಮಸೂರ) ಎಂಬ ಅಕ್ಷರಗಳನ್ನು ಕಡ್ಡಾಯವಾಗಿ ನೋಡಿ. ಮದ್ದಿನ ರೈಫಲ್‌ನ ಸಾಧಾರಣ ಸ್ಕೋಪ್‌ಗಳನ್ನು ಬಹುತೇಕ 100 ಗಜದ ದೂರಕ್ಕೆ ಹೊಂದಿಸಿ ಕಳುಹಿಸಿರುತ್ತಾರೆ. ಹದಿನೈದು ಮೀಟರಿನ ಗುರಿ ಅದರಲ್ಲಿ ಮಸುಕಾಗಿ ಕಾಣುವುದಲ್ಲದೆ, ಕಣ್ಣನ್ನು ಸ್ವಲ್ಪ ಅತ್ತಿತ್ತ ಮಾಡಿದರೆ ಗುರಿಗೆರೆಯೇ ಗುರಿಯ ಮೇಲೆ ತೇಲಾಡುತ್ತದೆ. ಎಒ ಇದ್ದರೆ ಮುಂದಿನ ಮಸೂರದ ಬಳೆಯನ್ನು ತಿರುಗಿಸಿ ಹತ್ತಿರದ ದೂರಕ್ಕೂ ಹೊಂದಿಸಬಹುದು.

ಮೌಂಟ್‌ನಲ್ಲಿ (ಸ್ಕೋಪ್ ಅನ್ನು ರೈಫಲ್‌ಗೆ ಬಿಗಿಯುವ ಹಿಡಿಕೆ) ಹಣ ಉಳಿಸಲು ಹೋಗಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಸ್ಪ್ರಿಂಗ್ ರೈಫಲ್‌ಗಳ ಮೇಲೆ ಸಾಮಾನ್ಯವಾಗಿ ಮೌಂಟ್ ಕಚ್ಚಿಕೊಳ್ಳುವ 11 ಮಿಲಿಮೀಟರಿನ ಡವ್‌ಟೇಲ್ ಹಳಿ ಇರುತ್ತದೆ, ಒದೆತಕ್ಕೆ ಅದರ ಮೇಲೆ ಸ್ಕೋಪ್ ತೆವಳುತ್ತ ಹಿಂದೆ ಬರುತ್ತದೆ. ಎರಡು ಬಿಡಿ ರಿಂಗ್‌ಗಳಿಗಿಂತ ಒಂದೇ ತುಂಡಿನ, ತಡೆಮೊಳೆ ಇರುವ ಮೌಂಟ್ ಒಳ್ಳೆಯದು. ಆ ಮೊಳೆ ರೈಫಲ್ ಮೇಲಿನ ತೂತಿನಲ್ಲಿ ಕೂತರೆ ತೆವಳುವುದು ನಿಲ್ಲುತ್ತದೆ. ರಿಂಗಿನ ಸ್ಕ್ರೂಗಳನ್ನು ಒಂದರ ನಂತರ ಎದುರಿನದು ಎಂಬಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಬಹಳ ತಯಾರಕರು ಹೇಳುವ ಬಿಗಿತ 15ರಿಂದ 18 ಇಂಚು-ಪೌಂಡ್ ಮಾತ್ರ, ಅದಕ್ಕಿಂತ ಹೆಚ್ಚಾದರೆ ಕೊಳವೆ ನೆಗ್ಗುತ್ತದೆ.

ಕೊಂಡ ವಾರದಲ್ಲಿಯೇ ಒಂದು ಪರೀಕ್ಷೆ ಮಾಡಿ. ಹಿಂದೆ ದಪ್ಪ ಮಣ್ಣಿನ ಒಡ್ಡು ಇರುವ, ಜನ ಮತ್ತು ದನ ಸುಳಿಯದ ಜಾಗದಲ್ಲಿ 20 ಮೀಟರಿಗೆ ಕಾಗದ ನಿಲ್ಲಿಸಿ, ರೈಫಲ್ ಅನ್ನು ಮರಳಿನ ಚೀಲದ ಮೇಲಿನ ನಿಮ್ಮ ಅಂಗೈಯಲ್ಲಿ ಹಗುರವಾಗಿ ಕೂರಿಸಿ ಮೂರು ಛರ್ರೆ ಹಾರಿಸಿ. ಸ್ಕೋಪ್ ಮೇಲಿನ ಗುಂಡಿ ತಿರುಗಿಸಿದಾಗ ಕೇಳುವ ಒಂದೊಂದು ಕ್ಲಿಕ್‌ಗೆ ಗುರಿ ಕಾಲು ಎಂಒಎ (ಒಂದು ಎಂಒಎ ಎಂದರೆ ಡಿಗ್ರಿಯ ಅರವತ್ತನೆಯ ಒಂದು ಭಾಗ) ಸರಿಯುವ ಸ್ಕೋಪ್‌ನಲ್ಲಿ ಈ ದೂರಕ್ಕೆ ಒಂದು ಕ್ಲಿಕ್ ಸುಮಾರು ಒಂದೂವರೆ ಮಿಲಿಮೀಟರ್. ಈಗ ಗುರಿ ಹಿಡಿಯುವ ಚುಕ್ಕೆ ಬದಲಿಸದೆ ಗುಂಡಿಯನ್ನು 40 ಕ್ಲಿಕ್ ಮೇಲಕ್ಕೆ ತಿರುಗಿಸಿ ಮೂರು, 40 ಬಲಕ್ಕೆ ತಿರುಗಿಸಿ ಮೂರು, 40 ಕೆಳಕ್ಕೆ ತಿರುಗಿಸಿ ಮೂರು, ಕೊನೆಗೆ 40 ಎಡಕ್ಕೆ ತಿರುಗಿಸಿ ಮೂರು ಹೊಡೆಯಿರಿ. ಕಾಗದದ ಮೇಲೆ ಬದಿಗೆ ಆರು ಸೆಂಟಿಮೀಟರಿನಷ್ಟು ಚೌಕ ಮೂಡಿ, ಕೊನೆಯ ಮೂರು ಹೊಡೆತಗಳು ಮೊದಲಿನ ಮೂರರ ಮೇಲೆಯೇ ಬಂದು ಬಿದ್ದರೆ ಸ್ಕೋಪ್ ಇಟ್ಟುಕೊಳ್ಳಿ. ಚೌಕ ಸೊಟ್ಟಗಾದರೆ ಅಥವಾ ಮರಳಿ ಮೊದಲಿನ ಜಾಗಕ್ಕೆ ಬಾರದಿದ್ದರೆ ಅದೇ ದಿನ ವಾಪಸ್ ಕಳುಹಿಸಿ. ನಮ್ಮ ಹುಡಿಯಲ್ಲಿ ಮಸೂರವನ್ನು ಟವೆಲ್ಲಿನಿಂದ ಒರೆಸುವ ರೂಢಿ ಬೇಡ. ಮೊದಲು ಧೂಳನ್ನು ಊದಿ ತೆಗೆದು, ಆಮೇಲೆ ಮೆತ್ತನೆಯ ಬ್ರಷ್ ಆಡಿಸಿ.

ಮಗನನ್ನು ಸ್ಪರ್ಧೆಗೆ ಕಳುಹಿಸುವ ಆಸೆಯನ್ನೂ ಪ್ರಶ್ನೆಯ ಕೊನೆಯಲ್ಲಿ ಬರೆದಿದ್ದೀರಿ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪ್‌ಗೆ ಅವಕಾಶವೇ ಇಲ್ಲ, ಸಣ್ಣ ರಂಧ್ರದ ಮೂಲಕ ಗುರಿ ಹಿಡಿಯಬೇಕು. ಅವನಿಗೆ ಈಗಿನಿಂದಲೇ ರೈಫಲ್‌ನ ಸ್ವಂತ ಗುರಿಕಣ್ಣಿನಿಂದ ಹೊಡೆಯುವುದನ್ನು ಕಲಿಸಿ.

ಹೊಲ ಕಾಯುವುದಕ್ಕೆ ದೂರದ ನೋಟ ಬೇಕಿದ್ದರೆ 8x42 ಬೈನಾಕ್ಯುಲರ್ ಒಂದನ್ನು ಬೇರೆಯಾಗಿ ಕೊಳ್ಳಿ. ಹಂದಿ ಯಾವ ಬದುವಿನಿಂದ ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂಬುದನ್ನು ಬರೆದಿಟ್ಟುಕೊಂಡರೆ ಅರಣ್ಯ ಇಲಾಖೆಗೆ ಬೆಳೆ ಪರಿಹಾರದ ಅರ್ಜಿ ಹಾಕುವಾಗಲೂ ಉಪಯೋಗಕ್ಕೆ ಬರುತ್ತದೆ. ರೈಫಲ್ ಮೇಲಿನ ಸ್ಕೋಪ್‌ನಿಂದ ಎಂದಿಗೂ ಹೊಲವನ್ನು ನೋಡಬೇಡಿ, ಏಕೆಂದರೆ ಸ್ಕೋಪ್ ಎತ್ತ ತಿರುಗುತ್ತದೆಯೋ ನಳಿಗೆಯೂ ಅತ್ತಲೇ ತಿರುಗಿರುತ್ತದೆ, ಮತ್ತು ಮುಸ್ಸಂಜೆಯಲ್ಲಿ ತೊಗರಿ ಸಾಲಿನ ನಡುವೆ ಅಲುಗಾಡಿದ್ದು ಪಕ್ಕದ ಹೊಲದವರೇ ಇರಬಹುದು.