ಸೆವಾನೀ 1899: ಆ 12 ಅಂಕಗಳ ಲೆಕ್ಕ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಸೆವಾನೀ ವಿಶ್ವವಿದ್ಯಾಲಯದ ತಂಡ 1899ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ತಂಡವನ್ನು 12-0ರಿಂದ ಸೋಲಿಸಿತು. ಈಗಿನ ಲೆಕ್ಕದಲ್ಲಿ 12 ಎಂದರೆ ಎರಡು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆ ದಾಟಿಸುವುದು); ಹಾಗಾದರೆ ಅವುಗಳ ನಂತರದ ಎರಡೂ ಕಿಕ್ ತಪ್ಪಿದ್ದವೇ? ಇಲ್ಲ, ಎರಡೂ ಗುರಿ ಮುಟ್ಟಿದ್ದವು. ಆಗ ಟಚ್‌ಡೌನ್‌ಗೆ ಈಗಿನಂತೆ 6 ಅಲ್ಲ, 5 ಅಂಕ. ನಂತರದ ಕಿಕ್‌ಗೆ 1. ಆಬರ್ನ್ ವಿರುದ್ಧದ 11-10ರ ಗೆಲುವನ್ನೂ ಹೀಗೇ ಬಿಡಿಸಿ: ಅಂತರ ಒಂದೇ ಕಿಕ್. ಇಡೀ ಋತುವಿನಲ್ಲಿ ಸೆವಾನೀ ವಿರುದ್ಧ ಬಂದದ್ದು ಆ 10 ಅಂಕ ಮಾತ್ರ!

ನವೆಂಬರ್ 9ರಿಂದ 14ರೊಳಗೆ ರೈಲಿನಲ್ಲಿ ಸುತ್ತಿ, ಆಸ್ಟಿನ್, ಹ್ಯೂಸ್ಟನ್, ನ್ಯೂ ಆರ್ಲಿಯನ್ಸ್, ಬ್ಯಾಟನ್ ರೂಜ್, ಮೆಂಫಿಸ್‌ನಲ್ಲಿ ಐದು ಪಂದ್ಯ, ಭಾನುವಾರವಷ್ಟೇ ಬಿಡುವು. ಹೊರಹೋದ ಆಟಗಾರ ಮತ್ತೆ ಒಳಬರುವಂತಿರಲಿಲ್ಲ, ಹಾಗಾಗಿ ಗಾಯವಾದರೂ ಆಡುತ್ತಲೇ ಇರುತ್ತಿದ್ದರು. ಮುಂದಕ್ಕೆ ಚೆಂಡೆಸೆಯಲು ಅನುಮತಿ ಸಿಕ್ಕಿದ್ದು 1906ರಲ್ಲಿ. ಹಾಗಾಗಿ ಚೆಂಡನ್ನು ಉಳಿಸಿಕೊಳ್ಳಲು ಮೂರು ಯತ್ನಗಳಲ್ಲಿ ದಾಟಬೇಕಿದ್ದ 5 ಗಜಕ್ಕೆ ಗುಂಪಾಗಿ ನುಗ್ಗುವುದೇ ಮುಖ್ಯ ದಾರಿಯಾಗಿತ್ತು. ಈ ನಿಯಮಗಳಡಿ 12 ಪಂದ್ಯಗಳನ್ನೂ ಗೆದ್ದದ್ದು ಅಸಾಧಾರಣ ಸಾಧನೆ.