ಕ್ಯಾಸೆಟ್ ಕೆಟ್ಟಿಲ್ಲ ಸರ್, ಅದರ ತಲೆ ಮೇಲೆ ಇನ್ನೊಂದು ಹಾಕಿ

ಸರ್, ಹಳೇ ಟಿವಿ ಗೇಮ್ ಯಂತ್ರ ಸೂಪರ್ ನಿಂಟೆಂಡೊಗೆ 'ಸೂಪರ್ 3ಡಿ ನೋಹಾಸ್ ಆರ್ಕ್' ಆಟದ ಕ್ಯಾಸೆಟ್ ಹಾಕಿದರೆ ಟಿವಿ ಬರೀ ಕಪ್ಪು, ಮಾರಿದವನು ಟೋಪಿ ಹಾಕಿದನಾ, ಬಿಚ್ಚಿ ನೋಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಚ್ಚಬೇಡಿ. ನಿಮ್ಮ ಫೋಟೋದಲ್ಲಿ ಕ್ಯಾಸೆಟ್ಟಿನ ಮೇಲ್ಗಡೆ ಇನ್ನೊಂದು ಬಾಯಿ ಕಾಣುತ್ತಿದೆ ಅಲ್ವಾ? ಅಲ್ಲಿ ಯಾವುದಾದರೂ ಅಸಲಿ ಸೂಪರ್ ನಿಂಟೆಂಡೊ ಕ್ಯಾಸೆಟ್ ಸಿಕ್ಕಿಸಬೇಕು. ಆಮೇಲೆ ಸ್ವಿಚ್ ಹಾಕಿ. ಮೇಲಿರುವುದು ಮಾರಿಯೋ ಆಟವಾದರೂ ಪರದೆ ಮೇಲೆ ಬರುವುದು ಬೈಬಲ್ಲಿನ ನಾವೆಯ ನೋಹನೇ.

ಯಾಕೆ ಹೀಗೆ ಅಂದರೆ, ನಿಂಟೆಂಡೊ ತನ್ನ ಯಂತ್ರದಲ್ಲೂ ಪರವಾನಗಿ ಇರುವ ಪ್ರತಿ ಕ್ಯಾಸೆಟ್‌ನಲ್ಲೂ ಒಂದೊಂದು ಬೀಗದ ಚಿಪ್ ಇಟ್ಟಿತ್ತು. ಎರಡೂ ಮಾತಾಡಿಕೊಂಡರೆ ಮಾತ್ರ ಆಟ ಶುರು. 1994ರಲ್ಲಿ ಈ ಆಟ ತಂದ ವಿಸ್ಡಮ್ ಟ್ರೀ ಕಂಪನಿಗೆ ಪರವಾನಗಿಯೂ ಇರಲಿಲ್ಲ, ಚಿಪ್ಪೂ ಇರಲಿಲ್ಲ. ಹಾಗಾಗಿ ಬಸ್ಸಿನಲ್ಲಿ "ಟಿಕೆಟ್ ಹಿಂದಿನವರು ತಗೋತಾರೆ" ಅಂತೀವಲ್ಲ, ಅದೇ ಉಪಾಯ. ಇಲ್ಲಿ ಯಂತ್ರದ ಚಿಪ್ಪೇ ಕಂಡಕ್ಟರ್, ಮೇಲೆ ಸಿಕ್ಕಿಸಿದ ಕ್ಯಾಸೆಟ್ಟಿನ ಚಿಪ್ ನೋಡಿ ಸುಮ್ಮನಾಗುತ್ತಾನೆ.

ನಿಮ್ಮದು ಅಮೆರಿಕದ ಯಂತ್ರ. ಮೇಲೆ ಹಾಕುವುದೂ ಅಮೆರಿಕದ್ದೇ ಇರಲಿ, ಯುರೋಪಿನದರ ಚಿಪ್ ಬೇರೆ. ಹಾಕುವ ಮೊದಲು ಎರಡರ ಪಿನ್ನುಗಳನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಇಯರ್‌ಬಡ್‌ನಿಂದ ಒರೆಸಿ, ಒಣಗಲು ಬಿಡಿ. ಚಿಕ್ಕವರಿದ್ದಾಗಿನ ಹಾಗೆ ಬಾಯಲ್ಲಿ ಊದಬೇಡಿ, ಎಂಜಲಿನ ತೇವಕ್ಕೆ ಪಿನ್ನು ಹಾಳಾಗುತ್ತದೆ. ಇನ್ನೊಂದು ವಿಷಯ: ಯಂತ್ರದ ಜೊತೆ ಬಂದ ಕರೆಂಟ್ ಅಡಾಪ್ಟರ್ 120 ವೋಲ್ಟಿನದು. ನಮ್ಮ 230ಕ್ಕೆ ನೇರ ಚುಚ್ಚಿದರೆ ಸುಟ್ಟೇ ಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಮುಟ್ಟಬೇಡಿ. ನಾನು ಹೀಗೇ ಒಂದನ್ನು ಸುಟ್ಟುಕೊಂಡವನು.

ಆಟ ಶುರುವಾದ ಮೇಲೆ "ಇದನ್ನು ಎಲ್ಲೋ ನೋಡಿದ್ದೀನಲ್ಲ" ಅನ್ನಿಸಿದರೆ ನಿಮ್ಮ ತಪ್ಪಲ್ಲ. ಒಳಗಿರುವುದು ನಾಜಿಗಳಿಗೆ ಗುಂಡು ಹೊಡೆಯುವ ಹಳೇ ಆಟ ವುಲ್ಫೆನ್‌ಸ್ಟೈನ್ 3ಡಿ. ನಾಜಿ ಸೈನಿಕರ ಬದಲು ಆಡುಗಳು, ಬಂದೂಕಿನ ಬದಲು ಕವಣೆ. ನಾವೆಯಲ್ಲಿ ರೊಚ್ಚಿಗೆದ್ದ ಪ್ರಾಣಿಗಳಿಗೆ ನೋಹ ಮೇವು ಎಸೆಯುತ್ತಾನೆ, ಅವು ಹೊಟ್ಟೆ ತುಂಬಿ ನಿದ್ದೆ ಹೋಗುತ್ತವೆ. ಒಂದು ಜೀವವೂ ಸಾಯುವುದಿಲ್ಲ. ನನಗೆ ಇದು ಆ ಕಾಲದ ಅತಿ ಚಂದದ ಕಳ್ಳ ಐಡಿಯಾ ಅನ್ನಿಸುತ್ತದೆ. ಆಡುಗಳು ಹತ್ತಿರ ಬಂದರೆ ಒದೆಯುತ್ತವೆ, ದೂರದಿಂದಲೇ ಮೇವು ಹೊಡೆಯಿರಿ. ಸುರುಳಿ ಸಿಕ್ಕರೆ ಬಿಡಬೇಡಿ. ಅದರಲ್ಲಿ ಬೈಬಲ್ ಪ್ರಶ್ನೆ ಇರುತ್ತದೆ, ಸರಿ ಉತ್ತರಕ್ಕೆ ಬಹುಮಾನ ಉಂಟು. ನಾನು ಅರ್ಧ ಪ್ರಶ್ನೆಗಳನ್ನು ಸುಮ್ನೆ ಅಂದಾಜಿನ ಮೇಲೇ ದಾಟಿದೆ.

ಇದೇ ಕಂಪನಿಯ 'ಬೈಬಲ್ ಅಡ್ವೆಂಚರ್ಸ್' ನಮ್ಮ ಹಳೇ ಟಿವಿ ಗೇಮಿಗೆ ಹೋಗುತ್ತಾ ಅಂತಲೂ ಕೇಳಿದ್ದೀರಿ. ನೇರವಾಗಿ ಹೋಗಲ್ಲ. ಅದು ಸೂಪರ್‌ಗೂ ಹಿಂದಿನ ನಿಂಟೆಂಡೊ ಯಂತ್ರದ 72 ಪಿನ್ ಕ್ಯಾಸೆಟ್, ನಮ್ಮ ಕಡೆ ಬಂದ ಟಿವಿ ಗೇಮ್ ಡಬ್ಬಗಳು 60 ಪಿನ್. ನಡುವೆ ಅಡಾಪ್ಟರ್ ಬೇಕು. ಆದರೆ ಆ ಆಟಕ್ಕೆ ಅಷ್ಟು ಖರ್ಚು ದಂಡ, ಆಡುವುದಕ್ಕೆ ಬಲು ಒರಟು. ಅಂಗಡಿಗಳು ನಿಂಟೆಂಡೊಗೆ ಹೆದರಿ ಇಂಥ ಕ್ಯಾಸೆಟ್ ಇಡದಿದ್ದಾಗ, ಕ್ರೈಸ್ತ ಪುಸ್ತಕದಂಗಡಿಗಳಲ್ಲಿ ಮಾರಿ ಗೆದ್ದದ್ದು ಮಾತ್ರ ಜಾಣತನ.

ಮೇಲೆ ಹಾಕಲು ಕ್ಯಾಸೆಟ್ ಸಿಗದಿದ್ದರೆ, ನೋಹನ ಆಟ 2015ರಿಂದ ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲೂ ಇದೆ. ಎಲ್ಲ ಮಾಡಿದ ಮೇಲೂ ಪರದೆ ಕಪ್ಪೇ ಇದ್ದರೆ ಎರಡೂ ಕ್ಯಾಸೆಟ್ಟಿನ ಪಿನ್ನುಗಳ ಫೋಟೋ ಇಲ್ಲೇ ಹಾಕಿ, ನೋಡೋಣ.